ದಕ್ಷಿಣ ಕೊರಿಯಾದಲ್ಲಿ ನಮ್ಮ ಅತ್ತೆಯ ದನಿ

ನಮ್ಮ ಅತ್ತೆ ಪ್ರಾರ್ಥನೆಗೆ ಎದ್ದು ನಿಂತರೆ ದೇವರು ಕಿವಿಗೆ ಅರಳೆ ಇಟ್ಟುಕೊಳ್ಳುತ್ತಾನೆ ಎಂದು ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ! ಬ್ಯಾಡಗಿ ಪೇಟೆಯ ಗದ್ದಲದ ಮಗ್ಗುಲಲ್ಲೇ ಇದ್ದ ಶಾಲೆಯಲ್ಲಿ, ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಮಗ್ಗಿ ಹೇಳಿಕೊಟ್ಟ ದನಿ ಅದು. ನಿವೃತ್ತಿಯ ನಂತರ ಆ ದನಿ ಎಲ್ಲಿಗೆ ಹೋಗಬೇಕು ಹೇಳಿ? ರಾಣೆಬೆನ್ನೂರಿನ ನಮ್ಮ ಚರ್ಚಿಗೇ ಬಂತು.

ಉಳಿದವರು ಪಾಪಕ್ಷಮೆ ಬೇಡಿ ಕೂರುತ್ತಿದ್ದರು. ಅತ್ತೆ ಮಾತ್ರ ದೇವರಿಗೆ ಕೆಲಸ ಹಚ್ಚುತ್ತಿದ್ದರು.

"ತಂದೀ, ಗುತ್ತಲದ ಬಸ್ಸು ಮೊನ್ನೆನೂ ಬರಲಿಲ್ಲ. ಆ ಡ್ರೈವರನ ಹೊಟ್ಟಿನೋವು ಲಗೂ ವಾಸಿ ಮಾಡು. ನಮ್ಮ ಓಣಿ ನಳದಾಗ ನೀರಿಲ್ಲ, ಅದನ್ನೂ ನೋಡು!"

ಒಮ್ಮೆ ಪಾಸ್ಟರು ಮೆಲ್ಲಗೆ ಹೇಳಿನೋಡಿದರು: "ಅಮ್ಮಾರ, ದೇವರಿಗೆ ಕಿವಿ ಚೊಲೋ ಕೇಳಿಸ್ತಾವ್ರಿ."

"ಕೇಳಿಸ್ತಾವು, ಖರೇ. ಲಕ್ಷ್ಯ ಕೊಡಬೇಕಲ್ಲರಿ!"

ಮೊಬೈಲುಗಳು ಆಗಷ್ಟೇ ಊರಿಗೆ ಕಾಲಿಡುತ್ತಿದ್ದ ಕಾಲ. ದಕ್ಷಿಣ ಕೊರಿಯಾದಲ್ಲಿ ನಡೆಯುವ ಅಂತರರಾಷ್ಟ್ರೀಯ ಪ್ರಾರ್ಥನಾ ಕೂಟಕ್ಕೆ ನಮ್ಮ ಚರ್ಚಿಗೂ ಕರೆ ಬಂತು. ಮಹಿಳಾ ಸಂಘದವರು ಒಮ್ಮತದಿಂದ ಅತ್ತೆಯನ್ನೇ ಆರಿಸಿದರು. ಭಕ್ತಿಗೆ ಮೆಚ್ಚಿಯೋ, ಕೆಲವು ಭಾನುವಾರಗಳಾದರೂ ನೆಮ್ಮದಿ ಸಿಗಲೆಂದೋ, ಯಾರಿಗೆ ಗೊತ್ತು! ಹಾವೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸೊಸೆ ನಾನು ದುಭಾಷಿಯಾಗಿ ಹೊರಟೆ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅತ್ತೆಯ ಚೀಲ ಬಿಚ್ಚಿ ಕೆಂಪು ಪುಡಿಯ ಪೊಟ್ಟಣ ಹೊರಗೆಳೆದ. ನಾನು ಇಂಗ್ಲಿಷಿನಲ್ಲಿ ತೊದಲುವಷ್ಟರಲ್ಲಿ ಅತ್ತೆ ಶುರುಮಾಡಿಯೇಬಿಟ್ಟರು.

"ಅಂಜಬ್ಯಾಡೋ ತಮ್ಮಾ, ಬ್ಯಾಡಗಿದು. ಖಾರ ಕಡಿಮಿ, ಬಣ್ಣ ಜಾಸ್ತಿ. ಮೂಸಿ ನೋಡು!"

ಆತ ಮೂಸಿದ. ಸೀನಿದ. ಮತ್ತೆ ಸೀನಿದ. ಅತ್ತೆ ಅಲ್ಲೇ ಕೈಯೆತ್ತಿ, ಅವನ ನೆಗಡಿ ವಾಸಿಯಾಗಲೆಂದು ಪ್ರಾರ್ಥನೆ ಆರಂಭಿಸಿದರು. ಹಿಂದಿನ ಸಾಲು ಬೆಳೆಯುತ್ತಿತ್ತು. ಆತ ಕಣ್ಣೊರೆಸಿಕೊಳ್ಳುತ್ತ ಪೊಟ್ಟಣವನ್ನೂ ಅತ್ತೆಯನ್ನೂ ಒಟ್ಟಿಗೇ ಒಳಗೆ ಬಿಟ್ಟುಬಿಟ್ಟ!

ಕೂಟದ ಸಭಾಂಗಣ ನಮ್ಮೂರ ಸಂತೆ ಮೈದಾನವನ್ನೇ ನುಂಗುವಷ್ಟು ದೊಡ್ಡದು. ವೇದಿಕೆಯಿಂದ ಯಾರೋ ಏನೋ ಹೇಳಿದರು. ಮರುಕ್ಷಣ ಅಷ್ಟೂ ಜನ ಒಟ್ಟಿಗೇ, ತಮ್ಮತಮ್ಮ ಭಾಷೆಯಲ್ಲಿ, ಗಂಟಲು ಬಿಚ್ಚಿ ಪ್ರಾರ್ಥಿಸತೊಡಗಿದರು. ಅಲ್ಲಿಯ ಪದ್ಧತಿಯೇ ಅದಂತೆ. ಅತ್ತೆ ಬೆರಗಾಗಿ ಸುತ್ತ ನೋಡಿದರು. ಆಮೇಲೆ ನನ್ನ ರಟ್ಟೆ ಹಿಡಿದು ಅಲುಗಾಡಿಸಿದರು.

"ಏ ಹುಡುಗೀ, ಇವರೆಲ್ಲಾ ನಮ್ಮ ಪೈಕಿ ಅದಾರಲ್ಲ!"

ಜನ್ಮದಲ್ಲಿ ಮೊದಲ ಬಾರಿ ಅತ್ತೆಯ ದನಿ ಬೇರೆಯವರ ದನಿಯಲ್ಲಿ ಮುಳುಗಿತು. ಅವರ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಎಂದೂ ಕಂಡಿರಲಿಲ್ಲ.

ಪಕ್ಕದ ಕುರ್ಚಿಯ ಕೊರಿಯಾದ ಅಜ್ಜಿಯೊಬ್ಬಳು ಅತ್ತೆಗೆ ಗೆಳತಿಯಾದಳು. ಭಾಷೆ ಬಾರದಿದ್ದರೇನು? ಅತ್ತೆ ಆಕೆಯ ಅನ್ನಕ್ಕೆ ಬ್ಯಾಡಗಿ ಪುಡಿ ಉದುರಿಸಿದರು. ಆಕೆ ಅತ್ತೆಯ ತಟ್ಟೆಗೆ ಖಾರ ಸವರಿದ ಹುಳಿ ಎಲೆಕೋಸು ಬಡಿಸಿದಳು. ಅತ್ತೆ ಚಪ್ಪರಿಸಿ ತೀರ್ಪು ಕೊಟ್ಟರು: "ನಮ್ಮ ಉಪ್ಪಿನಕಾಯಿನ ಇದು. ಎಣ್ಣಿ ಹಾಕೂದು ಮರತಾರ, ಅಷ್ಟ!"

ಕೊನೆಯ ದಿನ, ಪಕ್ಕದವರ ಕಾಯಿಲೆಗಾಗಿ ಪ್ರಾರ್ಥಿಸಿರೆಂದು ವೇದಿಕೆಯಿಂದ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಗೆಳತಿಯ ಕೈ ಹಿಡಿದು ತಮ್ಮ ಗಂಟಲ ಮೇಲೆ ಇಟ್ಟುಕೊಂಡರು. ಆಕೆ ತನ್ನ ಭಾಷೆಯಲ್ಲಿ ಕೂಗಿ ಕೂಗಿ ಬೇಡಿದಳು. ಅತ್ತೆ ಮಾತ್ರ ಕಣ್ಣು ಮುಚ್ಚಿ ಸುಮ್ಮನಿದ್ದರು. ಸುಮ್ಮನೆ! ನಮ್ಮ ಅತ್ತೆ!

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಗಂಟಲಿಗೆ ಏನಾಗಿದೆಯೆಂದು ಕೇಳಿದೆ.

"ಗಂಟಲಾಗ ಗಂಟ ಆಗೈತಿ," ಎಂದರು ಅತ್ತೆ. "ಊರಿಗೆ ಹೋದ ಮ್ಯಾಲ ಆಪರೇಷನ್. ದನಿ ಉಳಿಯೂದು ಖಾತ್ರಿ ಇಲ್ಲ ಅಂತ ಹುಬ್ಬಳ್ಳಿ ಡಾಕ್ಟ್ರು ಹೇಳ್ಯಾರ."

"ನನಗ್ಯಾಕ ಹೇಳಲಿಲ್ಲ ಅತ್ತೀ?"

"ಹೇಳಿದ್ರ ಬರಾಕ ಬಿಡ್ತಿದ್ದೇನು? ದನಿ ಇರೂತನಕ ಒಮ್ಮೆ ಮನಸ್ಸು ತುಂಬ ಒದರಿ ಬರೂಣು ಅನ್ನಿಸ್ತು."

ಊರಿಗೆ ಮರಳಿದ ಮೇಲೆ ಡಾಕ್ಟರು ಗಂಟನ್ನು ತೆಗೆದರು. ಅತ್ತೆ ಉಳಿದರು, ದನಿ ಉಳಿಯಲಿಲ್ಲ. ಒಣ ಎಲೆ ಸರಿದಂಥ ಒಂದು ಪಿಸುಮಾತಷ್ಟೇ ಉಳಿಯಿತು. ಎಷ್ಟೋ ದಿನ ಚರ್ಚಿನಲ್ಲಿ ತಲೆ ತಗ್ಗಿಸಿ ಕೂತೇ ಇರುತ್ತಿದ್ದರು. ಅವರ ದನಿಯಿಲ್ಲದ ಪ್ರಾರ್ಥನೆ ಬೇಗ ಮುಗಿಯುತ್ತಿತ್ತು. ಬೇಗ ಮುಗಿಯಿತೆಂದು ಯಾರೂ ಖುಷಿಪಡುತ್ತಿರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಅತ್ತೆ ಎದ್ದು ನಿಂತರು. ತುಟಿ ಅಲುಗಿತು, ಏನೂ ಕೇಳಿಸಲಿಲ್ಲ. ಆಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಗೋಡೆಯ ಬಳಿಗೆ ಹೋದರು. ಗಡಗಡ ತಿರುಗುತ್ತಿದ್ದ ಫ್ಯಾನುಗಳನ್ನು ಒಂದೊಂದಾಗಿ ಆರಿಸಿದರು.

ರಾಣೆಬೆನ್ನೂರಿನ ಆ ಧಗೆಯಲ್ಲಿ ಬೆವರಿಳಿಯುತ್ತಿತ್ತು. ಅತ್ತೆ "ಆಮೆನ್" ಅನ್ನುವವರೆಗೆ ಯಾರೊಬ್ಬರೂ ಸೆರಗಿನಿಂದ ಕೂಡ ಗಾಳಿ ಬೀಸಿಕೊಳ್ಳಲಿಲ್ಲ.