ಅಮ್ಮನ ಜುಮ್ಮು, ನನ್ನ ಹಳದಿ ಮೀಟರು

ವಸ್ತುವನ್ನು ಕೊಳ್ಳುವುದಕ್ಕಿಂತ ಆರಿಸುವುದರಲ್ಲೇ ಹೆಚ್ಚು ಸುಖವಿದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಕೊಂಡ ಮೇಲೆ ಒಂದೇ ನಮ್ಮದು. ಕೊಳ್ಳುವ ತನಕ ಅಂಗಡಿಯಲ್ಲಿರುವುದೆಲ್ಲ ನಮ್ಮದೇ. ಇದರ ಜೊತೆಗೆ ದಿನಚರಿ ಬರೆಯುವ ರೋಗ ಬೇರೆ. ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿಸಿದೆವು, ಕಾರಿಗೆ ಯಾವತ್ತು ಪೆಟ್ರೋಲ್ ಹಾಕಿಸಿದೆವು, ಯಾವ ಬಲ್ಬು ಎಷ್ಟು ದಿನ ಬಾಳಿತು, ಎಲ್ಲವನ್ನೂ ತಾರೀಖು ಸಮೇತ ಬರೆದಿಡುತ್ತೇನೆ. "ನಾನು ಕಣ್ಣು ಮುಚ್ಚಿದ ದಿನ ಇವನು ಅಳೋಕ್ಕೆ ಮುಂಚೆ ಗಡಿಯಾರ ನೋಡ್ತಾನೆ" ಎಂದು ಅಪ್ಪ ನೆಂಟರ ಮುಂದೆ ಹೇಳುವುದುಂಟು. ನೆಂಟರು ನಗುತ್ತಾರೆ. ಎಷ್ಟು ಜನ ನಕ್ಕರು ಎಂಬುದನ್ನು ಮಾತ್ರ ನಾನು ಬರೆದುಕೊಳ್ಳುವುದಿಲ್ಲ.

ಇಂಥ ನನಗೆ ಕರೆಂಟು, ಬ್ಯಾಟರಿ ಅಳೆಯುವ ಮಲ್ಟಿಮೀಟರ್ ಬೇಕೆನಿಸಿದ್ದು ಕಾರಿನಿಂದ. ಮೇಷ್ಟರ ಕೆಲಸದಿಂದ ನಿವೃತ್ತರಾದ ಅಪ್ಪ, ಸಹೋದ್ಯೋಗಿಯೊಬ್ಬರ ಹಳೆಯ ಕಾರನ್ನು ಕೊಂಡಿದ್ದರು. ಹೊಳೆನರಸೀಪುರದಿಂದ ಹೊರಡುವಾಗ ಅದು ಬಹಳ ಸಭ್ಯವಾಗಿರುತ್ತಿತ್ತು. ದಾರಿಯಲ್ಲಿ ನಿಲ್ಲಿಸಿದರೆ ಮಾತ್ರ ಮುನಿಸು. ಒಮ್ಮೆ ಶಾಂತಿಗ್ರಾಮದಲ್ಲಿ ಎಳನೀರು ಕುಡಿಯಲು ಇಳಿದೆವು. ಮತ್ತೆ ಹತ್ತಿದರೆ ಕಾರು ಉಸಿರೆತ್ತಲಿಲ್ಲ. ಬಸ್ಸಿಗೆ ಕಾದಿದ್ದವರು ಬಂದು ತಳ್ಳಿದರು. ಅವರಲ್ಲೊಬ್ಬ ಹಿರಿಯರು, "ಬ್ಯಾಟ್ರಿ ಓಗದೋ, ಚಾರ್ಜೇ ಆಯ್ತಾ ಇಲ್ವೋ, ನೋಡಿಸ್ರಪ್ಪಾ. ನಾವು ಎಷ್ಟ್ ದಿನ ಅಂತ ತಳ್ಳಾದು?" ಎಂದರು, ದಿನವೂ ಅವರೇ ತಳ್ಳುತ್ತಿದ್ದವರ ಹಾಗೆ.

ಅರಕಲಗೂಡಿನಲ್ಲಿ ನನ್ನ ಗೆಳೆಯ ಮಂಜು ಇದ್ದಾನೆ. ತೋಟದ ಪಂಪ್‌ಸೆಟ್ಟನ್ನು ತಾನೇ ಬಿಚ್ಚಿ ತಾನೇ ಕಟ್ಟುವವನು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಸಲಹೆ ಕೇಳಿದೆ. "ಸೂಜೀದು ಬ್ಯಾಡ, ನಂಬರ್ ಬರಾದು ತಗ. ಕಾರಿಗೆ ಇಪ್ಪತ್ತು ವೋಲ್ಟ್ ಡೀಸಿ ಇರ್ಬೇಕು, ಮನೆಗೆ ಏಸಿ ಇರ್ಬೇಕು, ವೈರು ನೆಟ್ಟಗಿದ್ರೆ ಕುಂಯ್ ಅನ್ಬೇಕು. ಅಷ್ಟಿದ್ರೆ ಅಗ್ಗದ್ದೇ ಸಾಕು ಕಣ್ಲಾ" ಎಂದ. ಬೇರೆ ಯಾರಿಗಾದರೂ ಸಾಕಾಗುತ್ತಿತ್ತು. ನಾನು ಚನ್ನರಾಯಪಟ್ಟಣಕ್ಕೂ ಹೋಗಿ ವಿಚಾರಿಸಿದೆ. ಹಾಸನದ ಒಂದು ಅಂಗಡಿಯಲ್ಲಿ ಒಳಗೆ ಫ್ಯೂಸ್ ಇದೆಯೇ, ಮುಟ್ಟಿಸಿ ಅಳೆಯುವ ಎರಡು ಕಡ್ಡಿಗಳ ವೈರು ದಪ್ಪವೇ, ತಿರುಗುವ ಗುಂಡಿ ಬಿಗಿಯೇ ಎಂದು ಕೇಳುತ್ತ ನಿಂತಿದ್ದಾಗ ಅಂಗಡಿಯಾತ ಕೈಕಟ್ಟಿಕೊಂಡು, "ಸಾ, ಎಣ್ಣು ನೋಡಕ್ ಬಂದೋರೂ ಇಷ್ಟು ಕೇಳಾಕಿಲ್ಲ" ಎಂದ. ಮದುವೆ ಜೀವಮಾನದ ಮಾತಲ್ಲವೇ, ಅವರೂ ಕೇಳಬೇಕು ಎಂದೆ. "ಅವ್ರು ಉಪ್ಪಿಟ್ಟಾದ್ರೂ ತಿಂದು ಓಯ್ತಾರೆ. ನೀವು ಸುಮ್ನೆ ಬತ್ತೀರ, ಸುಮ್ನೆ ಓಯ್ತೀರ."

ನಾನು ಹೀಗೆ ಅಲೆಯುತ್ತಿದ್ದಾಗಲೇ ಮನೆಯಲ್ಲಿ ಅಮ್ಮ ಇನ್ನೊಂದು ಮಾತು ಹೇಳುತ್ತಿದ್ದಳು: "ಗ್ರೈಂಡರ್ ಮುಟ್ಟಿದ್ರೆ ಬೆರಳು ಜುಮ್ ಅನ್ನತ್ತೆ ಕಣೋ." ನಾವು ಪರೀಕ್ಷೆ ಮಾಡದೆ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕರೆಂಟಿನ ಯಾವ ಸಾಮಾನು ಮುಟ್ಟಬೇಕಾದರೂ ಊಟದ ಮಣೆ ತಂದು, ಅದರ ಮೇಲೆ ನಿಂತು ಮುಟ್ಟಬೇಕು. ಏಳನೇ ತರಗತಿಗೆ ವಿಜ್ಞಾನ ಹೇಳಿದ ಅಪ್ಪನ ಕಟ್ಟಳೆ ಅದು. ಅದರಂತೆ ಅಪ್ಪ ಮಣೆ ಹಾಕಿಕೊಂಡು ಗ್ರೈಂಡರ್ ಮುಟ್ಟಿದರು. ಏನೂ ಇಲ್ಲ. ನಾನೂ ಅದೇ ಮಣೆಯ ಮೇಲೆ ನಿಂತು ಮುಟ್ಟಿದೆ. ಏನೂ ಇಲ್ಲ. "ಭ್ರಮೆ ಕಣೇ ನಿಂಗೆ" ಎಂದು ಅಪ್ಪ ತೀರ್ಪು ಕೊಟ್ಟು ಮಣೆಯನ್ನು ಗೋಡೆಗೆ ಒರಗಿಸಿದರು.

ಡಾಕ್ಟರಿಗೆ ತೋರಿಸಿದೆವು, ಅವರು ನರದ ದೌರ್ಬಲ್ಯವೆಂದು ಮಾತ್ರೆ ಬರೆದುಕೊಟ್ಟರು. ಅಮ್ಮ ತಪ್ಪದೆ ನುಂಗಿದಳು. ಆದರೆ ಮಧ್ಯಾಹ್ನ ಹೂ ಕಟ್ಟುತ್ತ ಕುಳಿತವಳು ನಡುವೆ ನಿಲ್ಲಿಸಿ, ಬೆರಳ ತುದಿಗಳನ್ನು ಒಂದೊಂದಾಗಿ ಅಮುಕಿ ನೋಡಿಕೊಳ್ಳುತ್ತಿದ್ದಳು. "ನಮ್ಮಮ್ಮಂಗೂ ಹೀಗೇ ಬೆರಳಿಂದ ಶುರುವಾಗಿದ್ದು" ಎಂದಳು ಒಮ್ಮೆ. ಅಜ್ಜಿಗೆ ಕೊನೆಯ ವರ್ಷಗಳಲ್ಲಿ ಬಲಗೈಯಲ್ಲಿ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಅಮ್ಮನೇ ಕುಡಿಸುತ್ತಿದ್ದಳು. "ಸುಮ್ನೆ ಏನೇನೋ ಯೋಚಿಸಬೇಡ" ಎಂದು ನಾನು ಧೈರ್ಯ ಹೇಳಿ, ದಿನಚರಿಯಲ್ಲಿ "ಅಮ್ಮನಿಗೆ ಇವತ್ತೂ ಜುಮ್ಮು" ಎಂದು ಬರೆದೆ. ಅದರ ಕೆಳಗೆ ಮೀಟರಿನ ವಿಚಾರ ಅರ್ಧ ಪುಟ.

ಕೊನೆಗೊಂದು ಹಳದಿ ಮೀಟರು ಮನೆಗೆ ಬಂತು. ಮೊದಲು ಕಾರು. ನಿಂತಾಗ ಬ್ಯಾಟರಿ ಹನ್ನೆರಡೂವರೆ ವೋಲ್ಟಿನ ಹತ್ತಿರ ತೋರಿಸಿತು. ಎಂಜಿನ್ ಓಡುವಾಗ ಏರಬೇಕಾದ ಅಂಕಿ ಏರಲೇ ಇಲ್ಲ. ಅಂದರೆ ಚಾರ್ಜ್ ಆಗುತ್ತಿಲ್ಲ. ಶಾಂತಿಗ್ರಾಮದ ಹಿರಿಯರು ಹೇಳಿದ ಎರಡು ರೋಗಗಳಲ್ಲಿ ಒಂದನ್ನು ಹಿಡಿದ ಖುಷಿಯಲ್ಲಿ ಟಾರ್ಚಿನ ಸೆಲ್ಲು, ಗಡಿಯಾರದ ಸೆಲ್ಲು ಅಳೆಯುತ್ತ ಅಡುಗೆಮನೆಗೆ ನುಗ್ಗಿದೆ. ಅಮ್ಮ ಇಡ್ಲಿಗೆ ರುಬ್ಬುತ್ತಿದ್ದಳು. "ದಾರಿ ಬಿಡೋ, ಅಳೆಯೋಕೆ ಉದ್ದಿನಬೇಳೆ ಒಂದು ಬಾಕಿ ನಿಂಗೆ" ಎಂದಳು. ತಮಾಷೆಗೆಂದೇ ಮೀಟರಿನ ಗುಂಡಿಯನ್ನು ಏಸಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಗ್ರೈಂಡರಿನ ಮೈಗೆ ತಾಗಿಸಿದೆ. ಇನ್ನೊಂದನ್ನು ಎಲ್ಲಿಡುವುದು? ಅಮ್ಮ ಬರಿಗಾಲಲ್ಲಿ ನಿಂತಿದ್ದ ಒದ್ದೆ ಗೋಣಿತಾಟಿನ ಮೇಲೆ ಒತ್ತಿದೆ. ನಮ್ಮ ಅಡುಗೆಮನೆಗೆ ಚಪ್ಪಲಿ ಹೋಗುವುದಿಲ್ಲ.

ಅಂಕಿ ನೂರು ದಾಟಿತು. ಗುಂಡಿ ತಪ್ಪು ಜಾಗದಲ್ಲಿದೆಯೇ ಎಂದು ನೋಡಿದೆ. ಸರಿಯಾಗಿಯೇ ಇತ್ತು. "ಅಮ್ಮಾ, ಮುಟ್ಟಬೇಡ" ಎಂದವನೇ ಸ್ವಿಚ್ ಆರಿಸಿದೆ.

ಮರುದಿನ ವೈರಿಂಗ್‌ನವನು ಬಂದು ನೋಡಿದ. ಗ್ರೈಂಡರಿನ ಮೋಟಾರಿನಿಂದ ಕರೆಂಟು ಮೈಗೆ ಸೋರುತ್ತಿತ್ತು. ಅದನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗ್ ವೈರನ್ನು ಹಿಂದೆ ಯಾರೋ ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಅಪ್ಪ ಪೈಪು ಬದಲಾಯಿಸಿದ್ದರು. ಈಗ ಆ ವೈರು ಪ್ಲಾಸ್ಟಿಕ್ ಪೈಪನ್ನು ಭಕ್ತಿಯಿಂದ ತಬ್ಬಿಕೊಂಡಿತ್ತು. ಹಿತ್ತಲಲ್ಲಿ ಹೊಸ ಅರ್ಥಿಂಗ್ ಹಾಕಿಸಿದೆವು, ಮೋಟಾರು ರಿಪೇರಿಯಾಯಿತು. ಅಪ್ಪ ಗೋಡೆಗೆ ಒರಗಿದ್ದ ಮಣೆಯ ಕಡೆ ನೋಡಿ, "ಮರದಲ್ಲಿ ಕರೆಂಟು ಹರಿಯೋಲ್ಲ ಅನ್ನೋದಂತೂ ಸಾಬೀತಾಯ್ತು" ಎಂದರು.

ಅಮ್ಮ ಗ್ರೈಂಡರನ್ನು ಒಂದು ಬೆರಳಲ್ಲಿ ಮುಟ್ಟಿದಳು. ಆಮೇಲೆ ಅಂಗೈ ಇಟ್ಟಳು. ಆಮೇಲೆ ಎರಡೂ ಕೈ.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ" ಎಂದಳು, ಯಾರಿಗೂ ಅಲ್ಲ. ನನ್ನ ಕಡೆ ತಿರುಗಿ, "ನಾನು ತಿಂಗಳಿಂದ ಹೇಳ್ತಾ ಬಂದೆ, ನೀನು ಬರ್ಕೊಂಡೆ. ಆ ಮೀಟರು ಒಂದು ಸಲ ಹೇಳ್ತು, ಓಡಿ ಸ್ವಿಚ್ ಆರಿಸಿದೆ. ನನ್ನ ಹಣೆ ಮೇಲೂ ನಂಬರ್ ಬರಬೇಕಿತ್ತೇನೋ" ಎಂದಳು. ಸಿಟ್ಟಿರಲಿಲ್ಲ, ನಗುತ್ತಲೇ ಹೇಳಿದಳು. ಸಿಟ್ಟಾಗಿದ್ದರೆ ನನಗೆ ಇನ್ನಷ್ಟು ಸುಲಭವಾಗುತ್ತಿತ್ತು.

ಆಮೇಲೊಂದು ಸಂಜೆ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದ ಅಮ್ಮ, "ಮಂಡಿ ನೋಯ್ತಿದೆ ಕಣೋ" ಎಂದಳು.

"ಎಷ್ಟಮ್ಮಾ?" ಎಂದುಬಿಟ್ಟೆ.

ಅಮ್ಮ ನನ್ನನ್ನೇ ನೋಡಿದಳು. ನಾನು ಎದ್ದು ಎಣ್ಣೆ ಬಿಸಿ ಮಾಡಲು ಒಳಗೆ ಹೋದೆ. ಎಷ್ಟು ಬಿಸಿ ಇರಬೇಕು ಎಂದು ಕೂಗಿ ಕೇಳುವ ಚಪಲವನ್ನು ಒಲೆಯ ಮುಂದೆ ನಿಂತೇ ನುಂಗಿಕೊಂಡೆ.