ಬಾಯಲ್ಲಿ ದೋಸೆ ಇರುವಾಗ ತೆರಿಗೆ

ನಮ್ಮ ಮಾವನ ಜೊತೆ ಕಾರ್ಕಳದ ಗೊಮ್ಮಟಬೆಟ್ಟ ಹತ್ತಿದವರಲ್ಲಿ ಒಬ್ಬರೂ ಹತ್ತುವಾಗ ಇದ್ದ ಮುಖದಲ್ಲಿ ಇಳಿದು ಬಂದದ್ದಿಲ್ಲ! ಇದು ಚಾಡಿಯಲ್ಲ, ಲೆಕ್ಕ. ಏಳು ಮಂದಿ ಹತ್ತಿದ್ದಾರೆ. ಯಾರು, ಯಾವ ವಾರ, ಬಿಸಿಲು ಎಷ್ಟಿತ್ತು ಎಂಬುದೆಲ್ಲ ನನ್ನ ಡೈರಿಯಲ್ಲಿದೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮೂವತ್ತು ವರ್ಷಗಳಿಂದ ಜನರ ತೆರಿಗೆ ಲೆಕ್ಕ ನೋಡುತ್ತಿದ್ದಾರೆ. ನಾನು ಕೆಲಸ ಕಲಿಯಲು ಅವರ ಕಚೇರಿ ಸೇರಿ ಹದಿನಾಲ್ಕು ತಿಂಗಳಾಯಿತು. ಈ ಅವಧಿಯಲ್ಲಿ ಅವರು ಅರುವತ್ತಮೂರು ಮಂದಿಗೆ "ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಟ್ಟಬೇಕು" ಎಂಬ ಸುದ್ದಿ ಮುಟ್ಟಿಸಿದ್ದಾರೆ. ಕಚೇರಿಯಲ್ಲಿ ಕುಳಿತು ಹೇಳಿದ್ದು ಎಷ್ಟು ಮಂದಿಗೆ? ಸೊನ್ನೆ!

ಅವರ ಸಿದ್ಧಾಂತ ಇಷ್ಟೇ: ಕೆಟ್ಟ ಸುದ್ದಿ ಕೇಳುವವನ ಬಾಯಿ ಆಗ ಬಿಡುವಾಗಿರಬಾರದು.

"ಸಿಟ್ಟು ಇರುವುದು ಮೊದಲ ಒಂದು ನಿಮಿಷ ಮಾರಾಯ್ತಿ. ಆ ಒಂದು ನಿಮಿಷ ಬಾಯಿಗೆ ಬೇರೆ ಎಂತಾದರೂ ಕೆಲಸ ಕೊಟ್ಟರೆ ಆಯ್ತು" ಎಂದು ಮೊದಲ ದಿನವೇ ನನಗೆ ಪಾಠ ಮಾಡಿದರು.

ಐವತ್ತು ಸಾವಿರದೊಳಗಿನ ಸುದ್ದಿಯಾದರೆ ಕೆಳಗಿನ ಹೋಟೆಲಿನ ಮಸಾಲೆ ದೋಸೆ. ಕಕ್ಷಿದಾರ ದೊಡ್ಡ ತುಂಡು ಮುರಿದು, ಪಲ್ಯ ಸೇರಿಸಿ, ಚಟ್ನಿಯಲ್ಲಿ ಅದ್ದಿ ಬಾಯಿಗಿಡುವ ತನಕ ಮಾವ ಹವಾಮಾನ ಮಾತಾಡುತ್ತಾರೆ. ದೋಸೆ ಒಳಗೆ ಹೋದ ಕೂಡಲೇ, "ಹಾಂ, ಮೂವತ್ತೆಂಟು ಸಾವಿರ ಬರ್ತದೆ!" ಬಿಸಿ ದೋಸೆ; ನುಂಗಲೂ ಆಗದು, ಉಗುಳಲೂ ಆಗದು. ಆ ಮನುಷ್ಯ ಕಣ್ಣಲ್ಲೇ ಬೈದು, ಮೂಗಲ್ಲೇ ನಿಟ್ಟುಸಿರು ಬಿಟ್ಟು, ನುಂಗಿ ಮುಗಿಸುವಷ್ಟರಲ್ಲಿ ಅರ್ಧ ಸಮಾಧಾನ ಆಗಿರುತ್ತಾನೆ. ಹೀಗೆ ನಲವತ್ತನಾಲ್ಕು ಮಂದಿ. ದೋಸೆಯ ಬಿಲ್ಲು ಯಾವಾಗಲೂ ಮಾವನದು.

ಐವತ್ತು ದಾಟಿದರೆ ಕಾಪುವಿನ ದೀಪಸ್ತಂಭ. ಮೆಟ್ಟಿಲು ಹತ್ತಿ ಮೇಲೆ ತಲುಪಿದವನಿಗೆ ಕೂಗಲು ಉಸಿರೆಲ್ಲಿಂದ ಬರಬೇಕು? ಕೂಗಿದರೂ ಗಾಳಿ ಅದನ್ನು ಸಮುದ್ರಕ್ಕೆ ಒಯ್ಯುತ್ತದೆ. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಇದು ನಡೆಯಿತು. ಹನ್ನೊಂದನೆಯವರು ಮಲ್ಪೆಯಲ್ಲಿ ಮೂರು ಬೋಟು ಇಟ್ಟುಕೊಂಡ, ಚಿಕ್ಕಂದಿನಿಂದ ಬಲೆ ಎಳೆದ ಆಳು. ಅವರು ಸರಸರ ಹತ್ತಿ ಮೇಲೆ ನಿಂತು ಕೂದಲು ಬಾಚಿಕೊಳ್ಳುತ್ತಿದ್ದರು. ಮಾವ ಕೊನೆಯ ಮೆಟ್ಟಿಲಿಗೆ ಬಂದಾಗ ಬಾಯಿ ಬಿಡುವಿಲ್ಲದವರು ಮಾವನೇ!

"ಎಷ್ಟು ಸಾರ್?" ಎಂದರು ಬೋಟಿನವರು.

ಮಾವ ಏದುಸಿರು ಬಿಡುತ್ತಾ ಎಂಟು ಬೆರಳು ತೋರಿಸಿದರು.

"ಎಂಟು ಸಾವಿರವಾ? ಅಷ್ಟಕ್ಕೆ ಇಷ್ಟು ಮೇಲೆ ಬರ್ಬೇಕಿತ್ತಾ ಮಾರಾಯ್ರೆ!"

ಮಾವ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದರು. ಬೋಟಿನವರು ಅವರ ಬೆನ್ನು ಸವರುತ್ತಾ ನನಗೆ ಹೇಳಿದರು: "ನಿನ್ನ ಮಾವನಿಗೆ ಹಾರ್ಟು ತೋರಿಸು ಮಗಾ." ಎಂಬತ್ತು ಸಾವಿರ ಎಂಬ ನಿಜ ಹೊರಬರಲು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಹಿಡಿಯಿತು.

ಲಕ್ಷ ದಾಟಿದರೆ ಗೊಮ್ಮಟಬೆಟ್ಟ. ಅಲ್ಲಿ ಚಪ್ಪಲಿಯೂ ಇಲ್ಲ. ಕಾಯ್ದ ಕಲ್ಲಿನ ಮೇಲೆ ಒಂದೊಂದೇ ಕಾಲು ಎತ್ತಿ ಕುಣಿಯುವವನಿಗೆ ತೆರಿಗೆಯ ಉರಿ ಯಾವುದು, ಬಂಡೆಯ ಉರಿ ಯಾವುದು ತಿಳಿಯದು. ಈಗ ಊರಿಗೆಲ್ಲ ಗುಟ್ಟು ಗೊತ್ತಾಗಿದೆ. ಹಿರಿಯಡ್ಕದ ಹಾರ್ಡ್‌ವೇರ್ ಅಂಗಡಿಯವರಿಗೆ ಮಾವ ಫೋನು ಮಾಡಿ, "ಭಾನುವಾರ ಕಾರ್ಕಳಕ್ಕೆ ಹೋಗಿ ಬರುವನಾ?" ಎಂದರೆ ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದರಂತೆ. "ಸಾರ್, ನನಗೆ ಮೊಣಗಂಟು ನೋವು ಉಂಟು. ಕಾಪುವಿನಲ್ಲಿ ಮುಗಿಸ್ಲಿಕ್ಕೆ ಆಗುದಿಲ್ವಾ?"

ಇಷ್ಟಕ್ಕೆ ಲೆಕ್ಕ ಅರುವತ್ತೆರಡು. ಉಳಿದ ಒಬ್ಬರ ಕಥೆ ಮಣಿಪಾಲದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಡೆಯಿತು. ಸಂತೆಕಟ್ಟೆಯ ಆ ಗುತ್ತಿಗೆದಾರರು ದೋಸೆಗೂ ಸಿಕ್ಕದೆ, ಮೆಟ್ಟಿಲಿಗೂ ಸಿಕ್ಕದೆ ತಪ್ಪಿಸಿಕೊಳ್ಳುತ್ತಿದ್ದರು. ಮಾವ ಅವರ ಪಕ್ಕದಲ್ಲಿ ಹೋಗಿ ನಿಂತು, ಯಂತ್ರ ಗುಯ್ಯೆನ್ನುವಾಗ ಮೊತ್ತ ಹೇಳಿದರು. "ಆ... ಆ... ಆ!" ಎಂದರು ಗುತ್ತಿಗೆದಾರರು. "ಒಪ್ಪಿದರು, ಬರೆದುಕೋ" ಎಂದರು ಮಾವ. ಡಾಕ್ಟರರು ಯಂತ್ರ ನಿಲ್ಲಿಸಿ, "ದಯವಿಟ್ಟು ಹೊರಗೆ ಹೋಗಿ, ನಾನು ತಪ್ಪಿ ಒಳ್ಳೆಯ ಹಲ್ಲು ಕೊರೆದೇನು" ಎಂದು ನಮ್ಮಿಬ್ಬರನ್ನೂ ಅಟ್ಟಿದರು.

ಹೀಗಿರುವಾಗ ಜನವರಿಯ ಎರಡನೇ ಬುಧವಾರ, ಹಳೆಯ ಕಡತ ಜೋಡಿಸುತ್ತಿದ್ದ ನನಗೆ ಅರುವತ್ತನಾಲ್ಕನೆಯ ಕೆಟ್ಟ ಸುದ್ದಿ ಸಿಕ್ಕಿತು. ಅದು ಕಾಪುವಿನ ಬೇಕರಿಯವರದು. ಹದಿನೆಂಟು ವರ್ಷ ಗಲ್ಫ್‌ನಲ್ಲಿ ದುಡಿದು ಬಂದ ಬ್ಯಾರಿ ಮುಸ್ಲಿಂ ಕಕ್ಷಿದಾರರು. ಇಷ್ಟು ಕಾಲ ವಯಸ್ಸಾದ ತಾಯಿಯ ಜೊತೆ ಬಾಡಿಗೆ ಮನೆ. ಒಂದು ಜಾಗ ಮಾರಿ, ಆ ಹಣದಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದರು. ಹಾಗೆ ಕಟ್ಟುವವರು ಖರ್ಚಾಗದ ಹಣವನ್ನು ಗಡುವಿನೊಳಗೆ ಬ್ಯಾಂಕಿನ ಒಂದು ವಿಶೇಷ ಖಾತೆಯಲ್ಲಿಡಬೇಕು. ಇಟ್ಟರೆ ಅದಕ್ಕೆ ತೆರಿಗೆ ಇಲ್ಲ. ಇವರ ಹಣ ಸಾಮಾನ್ಯ ಖಾತೆಯಲ್ಲೇ ಇತ್ತು. ಗಡುವು ದಾಟಿ ಐದು ತಿಂಗಳಾಗಿತ್ತು. ಅವರಿಗೆ ಇದನ್ನು ಹೇಳಬೇಕಾದವರು ಹೇಳಿರಲಿಲ್ಲ. ಹೇಳಬೇಕಾದವರು ನಮ್ಮ ಮಾವ. ಒಂದು ಲಕ್ಷ ನಲವತ್ತು ಸಾವಿರ! ಅವರು ತಾರಸಿ ಹಾಕಲು ಎತ್ತಿಟ್ಟ ದುಡ್ಡೇ ಹೆಚ್ಚುಕಡಿಮೆ ಅಷ್ಟು.

ಮಾವನಿಗೆ ಹೇಳುವುದು ಹೇಗೆ? ನಾಲ್ಕು ಗಂಟೆಗೆ ಗೋಳಿಬಜೆ ಬಂತು. ಅವರು ಒಂದನ್ನು ಇಡೀ ಬಾಯಿಗೆ ಹಾಕುವ ತನಕ ಕಾದು ಹೇಳಿಬಿಟ್ಟೆ. ಅವರ ದವಡೆ ನಿಂತಿತು. ಕಡತವನ್ನು ಮೂರು ಸಲ ತಿರುಗಿಸಿ ನೋಡಿದರು. ಆಮೇಲೆ ನೀರು ಕುಡಿದು, "ಸ್ಕೂಟರ್ ತೆಗಿ" ಎಂದರು.

"ಕಾರ್ಕಳಕ್ಕಾ?" ಎಂದೆ. ಮೊತ್ತದ ಪ್ರಕಾರ ಅದು ಗೊಮ್ಮಟಬೆಟ್ಟದ ಸುದ್ದಿ.

"ಅವರ ಮನೆಗೆ."

ಬೇಕರಿಯವರು ಲುಂಗಿ ಎತ್ತಿ ಕಟ್ಟಿ, ತಾರಸಿಯಿಲ್ಲದ ಮನೆಯ ಹೊಸ ಗೋಡೆಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ನಮ್ಮನ್ನು ಕಂಡು ದೊಡ್ಡದಾಗಿ ನಕ್ಕರು. "ಎಂತ ಸಾರ್, ಇಲ್ಲಿ ಹತ್ಲಿಕ್ಕೆ ಮೆಟ್ಟಿಲೇ ಆಗ್ಲಿಲ್ಲ! ದೋಸೆಯೂ ಇಲ್ಲ. ಸುದ್ದಿ ಒಳ್ಳೆಯದೇ ಅಲ್ವಾ ಹಾಗಾದ್ರೆ?"

ಮಾವ ಚೀಲವನ್ನು ಸಿಮೆಂಟಿನ ಮೂಟೆಯ ಮೇಲಿಟ್ಟರು. "ತಪ್ಪು ನನ್ನದು. ಹಣ ಬೇರೆ ಖಾತೆಗೆ ಹಾಕಬೇಕು ಅಂತ ನಿಮಗೆ ಹೇಳಲಿಕ್ಕೆ ನಾನು ಮರೆತೆ. ಈಗ ಒಂದು ಲಕ್ಷ ನಲವತ್ತು ಸಾವಿರ ತೆರಿಗೆ ಬರ್ತದೆ. ಅದನ್ನು ನಾನು ಕಟ್ತೇನೆ."

ನಾನು ಆ ಬಿಡುವಾಗಿದ್ದ ಬಾಯಿಯನ್ನೇ ನೋಡುತ್ತಿದ್ದೆ. ಬೈಯಬಹುದಿತ್ತು. ಮೂವತ್ತು ವರ್ಷದ ಹೆಸರನ್ನು ಕಾಪು ಪೇಟೆಯಲ್ಲಿ ಸಂಜೆಯೊಳಗೆ ಕೆಡಿಸಿಬಿಡಬಹುದಿತ್ತು. ಅವರ ಕೈಯ ಪೈಪಿನ ನೀರು ಒಂದೇ ಕಡೆ ಬಿದ್ದು ಮಣ್ಣಿನಲ್ಲಿ ಗುಂಡಿ ಬಿತ್ತು.

"ಬೇಡ ಸಾರ್ ಅಂತ ಹೇಳ್ಲಿಕ್ಕೆ ನನ್ನ ಕೈಯಲ್ಲಿ ಅಷ್ಟು ಇಲ್ಲ" ಎಂದರು ಕೊನೆಗೆ. "ನೀವೇ ಕಟ್ಟಿ."

"ಕಟ್ತೇನೆ."

"ಬರುವ ವರ್ಷದ ಲೆಕ್ಕ..." ಎಂದು ನಿಲ್ಲಿಸಿದರು.

"ಬೇರೆಯವರಿಗೆ ಕೊಡಿ. ಕಡತ ಎಲ್ಲ ಕೊಟ್ಟುಬಿಡ್ತೇನೆ" ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ಅದಲ್ಲ ಮಾರಾಯ್ರೆ. ಬರುವ ವರ್ಷ ಸ್ವಲ್ಪ ಬೇಗ ಸುರು ಮಾಡುವ ಅಂತ ಹೇಳ್ಲಿಕ್ಕೆ ಹೊರಟದ್ದು." ಅವರು ಪೈಪನ್ನು ಮಾವನ ಕೈಗೆ ಕೊಟ್ಟರು. "ಇದನ್ನು ಹಿಡ್ಕೊಳ್ಳಿ. ಮೊಮ್ಮಗಳಿಗೂ ನಿಮಗೂ ಕುಳಿತುಕೊಳ್ಳಲಿಕ್ಕೆ ಕುರ್ಚಿ ತರ್ತೇನೆ."

"ಮೊಮ್ಮಗಳಲ್ಲ, ತಂಗಿಯ ಮಗಳು" ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾವ ಪಾಲಿಶ್ ಮಾಡಿದ ಶೂ ಕೆಸರಲ್ಲಿ ಹೂತುಹೋಗುವಂತೆ ನಿಂತು, ಒಂದು ಇಟ್ಟಿಗೆಯೂ ಒಣಗಿ ಉಳಿಯದ ಹಾಗೆ ಗೋಡೆಗೆ ನೀರು ಬಿಡತೊಡಗಿದರು. ಅವರ ಮುಖವೂ ಒದ್ದೆಯಾಗಿತ್ತು. ಪೈಪು ಅಷ್ಟೇನೂ ಸೋರುತ್ತಿರಲಿಲ್ಲ.

ಬೇಕರಿಯವರು ಕುರ್ಚಿ ತರಲು ಹೊರಟವರು ಬಾಗಿಲಿಲ್ಲದ ಬಾಗಿಲಿನಲ್ಲಿ ತಿರುಗಿ ನಿಂತರು.

"ಸಾರ್, ಆ ಮೂಲೆಗೆ ಸ್ವಲ್ಪ ಜಾಸ್ತಿ ಬಿಡಿ. ಅದು ನನ್ನ ಉಮ್ಮನ ಕೋಣೆ."