ಒಂದೇ ಟ್ಯಾಂಕು, ಎರಡು ಬಡಾವಣೆ

ಊರಿಗೆ ನೀರು ಬಿಡುವ ಎಂಜಿನಿಯರಮ್ಮನಿಗೆ ನೀರಿನ ಬರ ಬಂದೀತು, ನಗುವಿನ ಬರ ಮಾತ್ರ ಬರುವುದಿಲ್ಲ. ನಮ್ಮ ಜನ ಬರಗೊಡುವುದಿಲ್ಲ.

ಚಿಕ್ಕಲಸಂದ್ರದ ಒಂದು ಹಳೆಯ ರಸ್ತೆಗೆ ನೀರು ಕೊಡುತ್ತಿದ್ದ ಟ್ಯಾಂಕಿನಿಂದಲೇ ಅಂಜನಾಪುರದ ಹೊಸ ಬಡಾವಣೆಗೂ ಕಾವೇರಿ ನೀರು ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಟ್ಯಾಂಕಿಗೆ ಬರುವ ನೀರು ಈಗ ಹೆಚ್ಚಾಗಿತ್ತು, ಆ ಧೈರ್ಯದ ಮೇಲೆ ಹಳಬರಿಗೆ ‘ನಿಮ್ಮ ನೀರು ಕಮ್ಮಿ ಆಗಲ್ಲ’ ಅಂತ ಮಾತು ಕೊಟ್ಟೆ. ಹೊಸಬರಿಗೆ ‘ಯುಗಾದಿಯೊಳಗೆ ನೀರು ಬರುತ್ತೆ’ ಅಂದೆ. ಎರಡರಲ್ಲಿ ಒಂದು ಸುಳ್ಳಾದರೂ ನನ್ನ ಮಾನ ಹೋಗುತ್ತಿತ್ತು.

ಇನ್ನೂ ಬರಬೇಕಾದವರು

ಯಾವ ಮನೆಯಲ್ಲಿ ಎಷ್ಟು ಜನ ಅಂತ ಮೊದಲು ಕೇಳಿಕೊಂಡು ಬರಬೇಕಿತ್ತು. ಹಳೆಯ ರಸ್ತೆಯ ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದ ಅಂಕಲ್. ತೆರಿಗೆಯವಳು ಬಂದಳು ಅಂದುಕೊಂಡರೋ ಏನೋ, ಗೇಟು ಕೂಡ ತೆರೆಯಲಿಲ್ಲ.

“ಮೂರೇ ಜನ ಮೇಡಂ. ನಾನು, ನಮ್ಮ ಮನೆಯವರು, ಮಗ.”

“ಸರಿ ಅಂಕಲ್. ಮುಂದಿನ ಮೂವತ್ತು ವರ್ಷಕ್ಕೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕ್ತಾ ಇದ್ದೀವಿ.”

ಗೇಟು ತೆರೆಯಿತು. “ನೀರಿಗಾ? ಹಾಗಾದ್ರೆ ಎಂಟು ಜನ ಅಂತ ಬರ್ಕೊಳ್ಳಿ.”

“ಉಳಿದ ಐದು ಜನ ಎಲ್ಲಿ?”

“ಇನ್ನೂ ಬರಬೇಕು. ಮಗನಿಗೆ ಈಗ ತಾನೆ ಹುಡುಗಿ ನೋಡ್ತಾ ಇದ್ದೀವಿ.”

ಅಧ್ಯಕ್ಷರ ವಿರೋಧ

ಆಮೇಲೆ ಪಾರ್ಕಿನಲ್ಲಿ ಸಭೆ. ಅಂಕಲ್ ಮೈಕ್ ಹಿಡಿದು ಗುಡುಗಿದರು. “ಊರು ಬೆಳೀಲಿ, ಬೇಡ ಅನ್ನಲ್ಲ. ಆದ್ರೆ ನಮ್ಮ ಟ್ಯಾಂಕಿನ ನೀರು ಕುಡಿದು ಬೆಳೆಯೋದು ಬೇಡ. ಅಂಜನಾಪುರಕ್ಕೆ ಒಂದು ಲೋಟನೂ ಹೋಗಬಾರದು!”

ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆ ತೋರಿಸಿದೆ, ಯಾರೂ ನೋಡಲಿಲ್ಲ. ಸಪ್ಪೆ ಮೋರೆ ಹಾಕಿಕೊಂಡು ಜೀಪು ಹತ್ತುತ್ತಿದ್ದೆ, ಅಂಕಲ್ ಓಡೋಡಿ ಬಂದರು.

“ಬೇಜಾರು ಮಾಡ್ಕೋಬೇಡಿ ಮೇಡಂ, ಅಧ್ಯಕ್ಷ ಅಂದ್ಮೇಲೆ ಮಾತಾಡ್ಬೇಕಾಗುತ್ತೆ.” ಸುತ್ತ ನೋಡಿ ದನಿ ತಗ್ಗಿಸಿದರು. “ಅಂಜನಾಪುರದಲ್ಲಿ ಮಗನ ಹೆಸರಲ್ಲಿ ನಮ್ದೂ ಒಂದು ಸೈಟಿದೆ. ಲೈನು ಅಲ್ಲೀವರೆಗೂ ಬರುತ್ತೆ ತಾನೆ?”

ಸಖತ್ ಪ್ರೆಷರ್

ಅಂಜನಾಪುರದ ಕೊನೆಯ ಅಡ್ಡರಸ್ತೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರಿದ್ದರು. ಮನೆ ಕಟ್ಟಿದಾಗಿನಿಂದ ಟ್ಯಾಂಕರ್ ನೀರೇ ಅವರಿಗೆ ಗತಿ. ಪೈಪ್ ಹಾಕಿದ ದಿನವೇ ಹೊಳೆಯುವ ನಲ್ಲಿ ತಂದು, ಅರಿಶಿನ ಕುಂಕುಮ ಹಚ್ಚಿ, ಹೂವನ್ನೂ ಮುಡಿಸಿದರು. ನಮ್ಮ ಜೀಪು ಕಂಡಾಗಲೆಲ್ಲ ಆ ನಲ್ಲಿ ತಿರುಗಿಸುತ್ತಿದ್ದರು. ಅದು ಬುಸ್ ಅನ್ನುತ್ತಿತ್ತು.

ಒಂದು ದಿನ ತಡೆಯಲಾರದೆ, “ಸ್ವಲ್ಪ ತಾಳಿ ಅಕ್ಕ” ಅಂದೆ.

“ಅಯ್ಯೋ, ನಿಧಾನಕ್ಕೆ ಕೊಡಿ ಮೇಡಂ. ಸದ್ಯಕ್ಕೆ ಗಾಳಿ ಬರ್ತಿದೆ. ಪ್ರೆಷರ್ ಸಖತ್ತಾಗಿದೆ, ಕೂದಲು ಒಣಗಿಸ್ಕೋತೀನಿ.”

ಪರೀಕ್ಷೆ

ಯುಗಾದಿಗೆ ಮುಂಚೆ, ಒಂದು ಬೆಳಿಗ್ಗೆ ಅಂಜನಾಪುರದ ಲೈನಿನ ವಾಲ್ವ್ ತಿರುಗಿಸಿದೆವು. ಕೈ ಒರೆಸಿಕೊಳ್ಳುವಷ್ಟರಲ್ಲಿ ಅಂಕಲ್ ಫೋನು. “ನಾನು ಹೇಳಿರ್ಲಿಲ್ವಾ? ನಮ್ಮ ನಲ್ಲೀಲಿ ದಾರದ ಹಾಗೆ ಬರ್ತಿದೆ!”

ಕೂಡಲೇ ಜೀಪು ಹತ್ತಿದೆ. ಹೋಗಿ ನೋಡಿದರೆ ರಸ್ತೆಗೆ ರಸ್ತೆಯೇ ಒದ್ದೆ. ಒಬ್ಬರು ಕಾರು ತೊಳೆಯುತ್ತಿದ್ದರು, ಇನ್ನೊಬ್ಬರು ಗಿಡಕ್ಕೆ ಪೈಪು ಹಿಡಿದಿದ್ದರು, ತುಂಬಿದ ಸಂಪು ಗೇಟಿನಾಚೆ ಹರಿಯುತ್ತಿತ್ತು. ‘ನೀರು ಕಮ್ಮಿ ಆಯ್ತಾ ನೋಡೋಕೆ ಎಲ್ಲರೂ ಎಲ್ಲಾ ನಲ್ಲಿ ತೆರೆದಿಡಿ’ ಅಂತ ಅಂಕಲ್ ಹಿಂದಿನ ದಿನವೇ ಸಂಘದ ಗ್ರೂಪಿಗೆ ಹಾಕಿದ್ದರಂತೆ.

“ದಯವಿಟ್ಟು ನಿಲ್ಲಿಸಿ ಅಂಕಲ್.”

“ಎದುರು ಮನೆಯವರು ಮೊದಲು ನಿಲ್ಲಿಸ್ಲಿ.”

ಎದುರು ಮನೆಯವರು ಅಂಕಲ್ ಕಡೆ ಬೆರಳು ತೋರಿಸಿದರು. ನನಗೆ ರೇಗಿಹೋಯಿತು. “ಸರಿ, ಬಿಟ್ಕೊಳ್ಳಿ. ಹೊಸ ಪೈಪು ತೊಳೀತಾ ಇದ್ದೀವಿ. ಕೆಂಪು ಮಣ್ಣು ನಿಮ್ಮ ಸಂಪಿಗೆ ಬಂದ್ರೆ ನನ್ನ ಬೈಬೇಡಿ” ಅಂದೆ.

ಕಣ್ಣು ಮಿಟುಕಿಸುವಷ್ಟರಲ್ಲಿ ರಸ್ತೆಯ ಉದ್ದಕ್ಕೂ ನಲ್ಲಿ ನಿಂತವು. ಆ ಮಣ್ಣು ಇತ್ತ ಬರುವ ಹಾಗೇ ಇಲ್ಲ ಅನ್ನುವುದು ನನಗೊಬ್ಬಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಒಂದೇ ಒಂದು ನಲ್ಲಿ ತೆರೆಸಿದೆ. ನೀರು ಚಿಮ್ಮಿ ಅಂಕಲ್ ಇಸ್ತ್ರಿ ಅಂಗಿ ಪೂರ್ತಿ ನೆನೆಯಿತು.

“ಪರವಾಗಿಲ್ಲ, ಮೊದಲಿನಷ್ಟೇ ಇದೆ” ಅಂದರು, ಮುಖ ಒರೆಸಿಕೊಳ್ಳುತ್ತ.

ಕೊನೆಯ ಅಡ್ಡರಸ್ತೆ

ಅರ್ಧ ಗೆದ್ದ ಹಾಗಾಯಿತು. ಅಂಜನಾಪುರದ್ದು ಬಾಕಿ. ಸಂಜೆಯಾದರೂ ಅಲ್ಲಿಂದ ಸುದ್ದಿಯೇ ಇಲ್ಲ. ಕೊನೆಯ ಅಡ್ಡರಸ್ತೆಗೆ ನೀರು ಹತ್ತಲಿಲ್ಲವೇನೋ ಅಂತ ಒಳಗೊಳಗೇ ಬೆವರುತ್ತಿದ್ದಾಗ ಹೊಲಿಗೆ ಅಕ್ಕನ ಫೋನು ಬಂತು.

“ಮೇಡಂ, ನಿಮ್ಮ ಕಾವೇರಿ ನೀರು ಸರಿ ಇಲ್ಲ!”

“ಯಾಕಕ್ಕಾ, ಮಣ್ಣು ಬರ್ತಿದ್ಯಾ? ವಾಸನೆನಾ?”

“ಅದೇನಿಲ್ಲ. ನಮ್ಮ ಯಜಮಾನ್ರು ಸ್ನಾನಕ್ಕೆ ಹೋಗಿ ಆಗ್ಲೇ ಎಷ್ಟ್ ಹೊತ್ತಾಯ್ತು. ಮೈಮೇಲಿನ ನೊರೆ ಹೋಗ್ತಾನೇ ಇಲ್ಲ!”

ಟ್ಯಾಂಕರಿನಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು, ಅದಕ್ಕೆ ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಪುಣ್ಯಾತ್ಮರು ಅದೇ ಅಭ್ಯಾಸದಲ್ಲಿ ಮೆದು ಕಾವೇರಿ ನೀರಿಗೂ ಅಷ್ಟೇ ಸೋಪು ಹಚ್ಚಿದ್ದರು. ನೀರು ತಲುಪಿತ್ತು! ಸಮಾಧಾನಕ್ಕೆ ನಗು ಉಕ್ಕಿ ಕಣ್ಣಲ್ಲಿ ನೀರು ಬಂತು.

“ನಗ್ಬೇಡಿ ಮೇಡಂ. ತೊಳ್ಕೊಳ್ಳೋಕೆ ಪಕ್ಕದ ಮನೇಲಿ ಒಂದ್ ಬಕೆಟ್ ಟ್ಯಾಂಕರ್ ನೀರು ಕೇಳೋಣ ಅಂತಿದ್ದೀನಿ.”

ಅಷ್ಟರಲ್ಲಿ ಬಚ್ಚಲಿನೊಳಗಿಂದ ಯಜಮಾನರ ಕೂಗು ಕೇಳಿಸಿತು.

“ಏ, ನೀರು ನಾಳೆನೂ ಬರುತ್ತಾ ಅಂತ ಕೇಳೇ! ಬರೋದು ನಿಜ ಆದ್ರೆ ಉಳಿದ ನೊರೆ ನಾಳೆ ತೊಳ್ಕೋತೀನಿ!”